ಮಾಪಕದ ಮುಳ್ಳು ತೋರಿಸಿದ ನೂರು ವಾಟ್

ನಮ್ಮ ಹಿರಿಯರ ಕಾಲದಲ್ಲಿ ಈ ಜಿಲ್ಲೆಯ ಮನೆಗಳಲ್ಲಿ ಅಕ್ಕಿಯನ್ನು ಸೇರು, ಕಳಸೆ, ಮುಡಿಗಳ ಲೆಕ್ಕದಿಂದ ಅಳೆಯುತ್ತಿದ್ದರು. 14 ಸೇರಿಗೆ ಒಂದು ಕಳಸೆ; ಮೂರು ಕಳಸೆಗೆ, ಎಂದರೆ 42 ಸೇರಿಗೆ, ಒಂದು ಮುಡಿ. ಅಕ್ಕಿ ಎಷ್ಟೆಂದು ಕೇಳಿದಾಗ ‘ಹತ್ತು ಸೇರು’ ಎಂಬ ಉತ್ತರ ಬಂದರೆ ಜಾಣೆಯಾದ ಗೃಹಿಣಿಯು ಅಷ್ಟಕ್ಕೇ ತೃಪ್ತಳಾಗುತ್ತಿರಲಿಲ್ಲ. ಯಾವ ಸೇರು, ಬಾಯಿಮಟ್ಟಕ್ಕೆ ಅಳೆದುದೋ ರಾಶಿ ತುಂಬಿ ಅಳೆದುದೋ, ಅಂಗಡಿಯಲ್ಲಿ ಅಳೆದುದೋ ಮನೆಗೆ ಬಂದ ಮೇಲೆ ಅಳೆದುದೋ ಎಂದು ವಿಚಾರಿಸುತ್ತಿದ್ದಳು. ಸಂಖ್ಯೆಯೊಂದನ್ನೇ ನಂಬಿದರೆ ಮೋಸಹೋಗುವೆವೆಂಬುದು ಆಕೆಗೆ ತಿಳಿದಿತ್ತು.

ಈ ವಿವೇಕವನ್ನು ನಾನು ಮರೆತುದರಿಂದ ಒಂದು ಮಳೆಗಾಲದಲ್ಲಿ ನನ್ನ ತಂಗಿಯ ಮನೆಯವರು ಒಂದು ಹಗಲು, ಒಂದು ಇರುಳು ಪಡಬಾರದ ಕಳವಳವನ್ನು ಪಟ್ಟರು. ನಾನು ಅಳೆದ ವಸ್ತುವು ಅಕ್ಕಿಯಲ್ಲ; ರೇಡಿಯೋ ಪ್ರೇಷಕ ಯಂತ್ರದ ಸಾಮರ್ಥ್ಯ. ಆ ವೃತ್ತಾಂತವನ್ನೂ ಅದರಿಂದ ಕಲಿತ ಪಾಠವನ್ನೂ ವಾಚಕ ಮಹಾಶಯರಲ್ಲಿ ನಿವೇದಿಸುವುದೇ ಈ ಲೇಖನದ ಉದ್ದೇಶ.

ಹವ್ಯಾಸಿಗಳ ಬಾನುಲಿ

ಲಾಭದ ಅಪೇಕ್ಷೆಯಿಲ್ಲದೆ, ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆದು, ತನ್ನ ಮನೆಯಿಂದಲೇ ತಂತಿಯ ಸಂಬಂಧವಿಲ್ಲದೆ ದೂರದವರೊಡನೆ ಸಂಭಾಷಿಸುವ ವಿದ್ಯೆಗೆ ಹವ್ಯಾಸಿ ರೇಡಿಯೋ ಎಂದು ಹೆಸರು. ಇದರಲ್ಲಿ ತೊಡಗಿದವರನ್ನು ಲೋಕದಲ್ಲಿ ‘ಹ್ಯಾಮ್’ ಎಂದು ಕರೆಯುವರು. ಭಾರತದಲ್ಲಿ 1921ರಷ್ಟು ಹಿಂದೆಯೇ ಅಮರೇಂದ್ರ ಚಂದ್ರ ಗುಪ್ತು ಎಂಬವರು ಈ ಕಾರ್ಯವನ್ನು ಆರಂಭಿಸಿದರು. ಕನ್ನಡ ನಾಡಿನಲ್ಲಿ 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವಾಟಿನ ಚಿಕ್ಕ ಪ್ರೇಷಕ ಯಂತ್ರವನ್ನಿಟ್ಟು ಪ್ರಸಾರ ಆರಂಭಿಸಿದುದನ್ನೂ, ಅದಕ್ಕೆ ‘ಆಕಾಶವಾಣಿ’ ಎಂಬ ಸುಂದರವಾದ ಹೆಸರು ಬಂದುದನ್ನೂ ಅನೇಕರು ಕೇಳಿರಬಹುದು. ಒಂದು ಮನೆಯ ದೀಪಕ್ಕೆ ಸಾಲುವಷ್ಟು ಸಾಮರ್ಥ್ಯದಿಂದ ಒಂದು ನಗರಕ್ಕೇ ಸಂಗೀತ, ಭಾಷಣಗಳನ್ನು ಕೇಳಿಸಿದರಲ್ಲಾ ಎಂದು ಆಶ್ಚರ್ಯವಾಗುವುದು.

ನಾನು ಸಂಸ್ಕೃತವನ್ನು ಓದಿ, ಬಂಟ್ವಾಳದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಅದನ್ನೇ ಪಾಠ ಹೇಳಿದವನು. ನನಗೆ ಈ ವಿದ್ಯೆಯ ಗುರುವಾದವನು ನನ್ನ ಹಳೆಯ ಶಿಷ್ಯನೇ. ಮೋರ್ಸ್ ಲಿಪಿಯ ಚುಕ್ಕೆ ಗೆರೆಗಳನ್ನು ಅವನು ಹೇಳಿಕೊಟ್ಟಾಗ ನನಗೆ ಛಂದಸ್ಸಿನ ಲಘು ಗುರುಗಳೇ ಕಂಡವು. ಭೇದವಿಷ್ಟೇ: ನಮ್ಮ ಗುರುವಿಗೆ ಎರಡು ಮಾತ್ರೆ, ಮೋರ್ಸನ ಗೆರೆಗೆ ಮೂರು. ಹೀಗೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮೂಡಬಿದಿರೆಯ ನನ್ನ ಮನೆಯ ಹಿತ್ತಿಲಲ್ಲಿ ಎರಡು ಅಡಕೆ ಮರಗಳ ನಡುವೆ 20 ಮೀಟರು ಉದ್ದದ ತಂತಿಯ ಆಂಟೆನಾವನ್ನು ಕಟ್ಟಿದೆನು. ಬೆಳ್ತಂಗಡಿ ತಾಲೂಕಿನಲ್ಲಿ ಚಾರ್ಮಾಡಿ ಘಟ್ಟದ ಬುಡಕ್ಕಿರುವ ತಂಗಿಯ ಮನೆಯಲ್ಲಿ ಸೋದರಳಿಯನೂ ಪರವಾನಗಿ ಪಡೆದು ಅಂಥದನ್ನೇ ಕಟ್ಟಿದನು. ನಡುವೆ ಗುಡ್ಡಗಳಿದ್ದರೂ, ಸುಮಾರು 7 ಮೆಗಾಹರ್ಟ್ಸಿನ ಅಲೆಗಳು ಹಗಲಿನಲ್ಲಿ ನೇರವಾಗಿ ಮೇಲಕ್ಕೇರಿ, ಅಯಾನಮಂಡಲವನ್ನು ಮುಟ್ಟಿ, ಕೊಡೆ ಹಿಡಿದಂತೆ ಸುತ್ತಲಿನ ಪ್ರದೇಶಕ್ಕೆ ಮರಳುವುದರಿಂದ ನಮ್ಮ ಸಂಭಾಷಣೆಗೆ ಅಡ್ಡಿಯಿರಲಿಲ್ಲ.

ಕೇಳಿಸಿಯೂ ಕೇಳಿಸದ ದಿನ

2019ರ ಆಗಸ್ಟಿನ ಮಳೆಯನ್ನು ಬೆಳ್ತಂಗಡಿಯ ಜನರು ಮರೆಯಲಾರರು. ನೇತ್ರಾವತಿಯೂ ಅದರ ಉಪನದಿಗಳೂ ಉಕ್ಕಿದವು; ಚಾರ್ಮಾಡಿ ಘಟ್ಟದಲ್ಲಿ ಗುಡ್ಡ ಜರಿದು ಮಾರ್ಗ ಮುಚ್ಚಿತು. ತಂಗಿಯ ಊರಿನಲ್ಲಿ ವಿದ್ಯುತ್ತೂ ದೂರವಾಣಿಯೂ ನಿಂತುಹೋದವು. ಭಾವನವರು ದಿನವೂ ಇನ್ಸುಲಿನ್ ಚುಚ್ಚಿಸಿಕೊಳ್ಳುವವರು. ಶಾಲೆಗೆ ರಜೆಯಾದುದರಿಂದ ನಾನು ಮನೆಯಲ್ಲಿದ್ದೆನು. ಬೆಳಿಗ್ಗೆ ಎಂಟು ಗಂಟೆಗೆ, ನಮ್ಮ ಎಂದಿನ ಸಮಯಕ್ಕೆ, ಯಂತ್ರದ ಮುಂದೆ ಕುಳಿತಾಗ ಅಳಿಯನ ಧ್ವನಿ ಕ್ಷೀಣವಾಗಿ ಕೇಳಿಸಿತು.

“ಮಾವ, ಕೇಳಿಸ್ತದಾ? ಅಪ್ಪನ ಇನ್ಸುಲಿನ್ ನಾಳೆಗೆ ಮುಗೀತದೆ. ಗುರುವಾಯನಕೆರೆಗೆ ಯಾರ ಹತ್ತಿರವಾದರೂ ಕಳುಹಿಸಿದರೆ ನಾನು ಹೇಗಾದರೂ ಅಲ್ಲಿಗೆ ಬರುತ್ತೇನೆ. ಯಾವ ಹೊತ್ತಿಗೆ ಬರಬೇಕು, ಹೇಳಿ.”

ಕೂಡಲೇ ಉತ್ತರ ಕೊಟ್ಟೆನು. ಅವನು ಮತ್ತೆ ಅದನ್ನೇ ಕೇಳಿದನು. ಹತ್ತು ಸಲ ಹೇಳಿದರೂ ಅವನಿಂದ ಬಂದ ಮಾತು ಒಂದೇ: “ಮಾವ, ನಿಮ್ಮದು ಏನೂ ಕೇಳುವುದಿಲ್ಲ.” ನಾನು ಮಾಪಕವನ್ನು ನೋಡಿದೆನು. ಮುಂದಕ್ಕೆ ಹೋಗುವ ಸಾಮರ್ಥ್ಯ 100 ವಾಟ್. ಹಿಂದಕ್ಕೆ ಮರಳುವ ಸಾಮರ್ಥ್ಯ ಶೂನ್ಯಪ್ರಾಯ. ಬೇಸಗೆಗಿಂತಲೂ ಈಗಲೇ ಚೆನ್ನಾಗಿದೆಯಲ್ಲಾ ಎಂದುಕೊಂಡೆನು! ನನ್ನ ಕಡೆಯದೆಲ್ಲ ಸರಿಯಿದೆ, ದೋಷವು ಅವನ ಗ್ರಾಹಕ ಯಂತ್ರದಲ್ಲಿಯೇ ಇರಬೇಕೆಂದು ನಿರ್ಧರಿಸಿದೆನು. ಔಷಧಿಯನ್ನು ಕೊಂಡು, ನೆರೆಯ ಜೀಪಿನವನ ಕೈಯಲ್ಲಿ ವೇಣೂರಿನ ಮಾರ್ಗವಾಗಿ ಕಳುಹಿಸಿದೆನು. ಅವನು ಗುರುವಾಯನಕೆರೆಯಲ್ಲಿ ಸಂಜೆಯ ತನಕ ಕಾದು ಮರಳಿ ಬಂದನು. ಔಷಧಿ ಬರುವುದೋ ಇಲ್ಲವೋ ಎಂದು ತಿಳಿಯದ ಅಳಿಯನು, ನೆರೆಯನ್ನು ದಾಟುವ ಅಪಾಯಕ್ಕೆ ಕೈಹಾಕದೆ ಮನೆಯಲ್ಲಿಯೇ ಉಳಿದಿದ್ದನು.

ವಾಟ್ ಎಂದರೇನು?

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ‘100 ವಾಟ್’ ಎಂಬ ಮಾತಿನ ಅರ್ಥವೇನೆಂದು ಮೊದಲಿನಿಂದ ಯೋಚಿಸತೊಡಗಿದೆನು. ವಾಚಕರೂ ನನ್ನೊಡನೆ ಅದೇ ದಾರಿಯಲ್ಲಿ ಬರಬೇಕೆಂದು ಪ್ರಾರ್ಥನೆ.

ಒಂದು ಕೆಲಸವು ಎಷ್ಟು ವೇಗದಿಂದ ನಡೆಯುತ್ತಿದೆಯೆಂಬುದೇ ಸಾಮರ್ಥ್ಯ. ಅದರ ಮಾನವು ವಾಟ್. ತೋಟಕ್ಕೆ ನೀರೆತ್ತುವ ಒಂದು ಅಶ್ವಶಕ್ತಿಯ ಪಂಪಿಗೆ 746 ವಾಟ್. ವಿದ್ಯುತ್ತಿನಲ್ಲಿ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್ ಸಿಕ್ಕುವುದು. ನಮ್ಮ ಪ್ರೇಷಕ ಯಂತ್ರವು ಮಾತನಾಡುವಾಗ ಬ್ಯಾಟರಿಯಿಂದ 13.8 ವೋಲ್ಟಿನಲ್ಲಿ ಸುಮಾರು 20 ಆಂಪಿಯರು ಎಳೆಯುವುದು. ಎಂದರೆ 276 ವಾಟ್. ಆದರೆ ಆಂಟೆನಾದ ಕಡೆಗೆ ಹೊರಡುವುದು 100 ವಾಟ್ ಮಾತ್ರ. ಮಿಕ್ಕುದು ಶಾಖವಾಗಿ ಹೋಗುವುದು. ಆದುದರಿಂದ ಮೊದಲನೆಯ ಪ್ರಶ್ನೆ: ಹೇಳುವ ಸಂಖ್ಯೆಯು ಒಳಗೆ ಹೋದುದೋ, ಹೊರಗೆ ಬಂದುದೋ? ಅಮೆರಿಕದಲ್ಲಿ ಕೂಡ 1983ರ ವರೆಗೆ ಹವ್ಯಾಸಿಗಳ ಮಿತಿಯನ್ನು ಒಳಗೆ ಹೋಗುವ ಸಾಮರ್ಥ್ಯದಿಂದ, 1,000 ವಾಟ್ ಎಂದು, ಗೊತ್ತುಮಾಡಿದ್ದರು. ಅನಂತರ ಹೊರಗೆ ಬರುವ ಶಿಖರ ಸಾಮರ್ಥ್ಯದಿಂದ, 1,500 ವಾಟ್ ಎಂದು, ಬದಲಾಯಿಸಿದರು. ಎರಡು ಸಂಖ್ಯೆಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಅನರ್ಥವೇ ಆಗುವುದು.

ನೆರೆಯ ಗುರುತು, ನದಿಯ ಮಟ್ಟ

ಶಿಖರ ಸಾಮರ್ಥ್ಯವೆಂದರೇನು? ಬಂಟ್ವಾಳದ ಪೇಟೆಯಲ್ಲಿ ನೇತ್ರಾವತಿಯ ಮಾತು ಬಂದರೆ 1923ರ ನೆರೆ, 1974ರ ನೆರೆ ಎಂದು ಹೇಳಿ, ನೀರು ಎಲ್ಲಿಯವರೆಗೆ ಬಂದಿತ್ತೆಂದು ತೋರಿಸುವರು. ಆ ಗುರುತು ಸುಳ್ಳಲ್ಲ. ಆದರೆ ವರ್ಷವಿಡೀ ನದಿಯು ಅಷ್ಟೆತ್ತರಕ್ಕೆ ಹರಿಯುವುದೆಂದು ಯಾರಾದರೂ ತಿಳಿದರೆ ಅದು ಭ್ರಾಂತಿ. ಮನುಷ್ಯನ ಮಾತೂ ಹೀಗೆಯೇ: ಒಂದಕ್ಷರ ಉಕ್ಕುವುದು, ಇನ್ನೊಂದು ಇಳಿಯುವುದು, ನಡುವೆ ಮೌನ. ಸಿಂಗಲ್ ಸೈಡ್‌ಬ್ಯಾಂಡ್ ಎಂಬ ವಿಧಾನದಲ್ಲಿ ಪ್ರೇಷಕವು ಮಾತಿದ್ದಾಗ ಮಾತ್ರ ಸಾಮರ್ಥ್ಯವನ್ನು ಹೊರಸೂಸುವುದು. ಅದರ ಅತ್ಯುನ್ನತ ಉಬ್ಬಿನಲ್ಲಿರುವ ಸಾಮರ್ಥ್ಯವೇ ಶಿಖರ ಸಾಮರ್ಥ್ಯ. ಹವ್ಯಾಸಿಗಳು ಇದನ್ನು ‘ಪಿಇಪಿ’ ಎನ್ನುವರು. ಸಾಧಾರಣ ಮಾತಿನಲ್ಲಿ ಸರಾಸರಿ ಸಾಮರ್ಥ್ಯವು ಇದರ ಐದನೆಯ ಒಂದು ಭಾಗದಷ್ಟೇ ಇರುವುದು.

ಅಗ್ಗದ ಮಾಪಕದ ಮುಳ್ಳು ಮಂದಗತಿಯದು. ಉಬ್ಬಿನ ಜೊತೆಗೆ ಓಡಲಾರದು. ಆದುದರಿಂದ 100 ವಾಟಿನ ಯಂತ್ರದಲ್ಲಿ ಮಾತನಾಡಿದರೆ ಅದು 20, 30ರ ಬಳಿಯಲ್ಲಿ ತೂಗಾಡುವುದು; ಒಂದೇ ಸಮನೆ ಸಿಳ್ಳು ಹಾಕಿದರೆ ಮಾತ್ರ ನೂರಕ್ಕೇರುವುದು. ಹೊಸಬರು ಯಂತ್ರ ಕೆಟ್ಟಿತೆಂದು ಗಾಬರಿಯಾಗಿ ಧ್ವನಿಯ ತಿರುಪನ್ನು ಮೇಲಕ್ಕೆ ತಿರುಗಿಸುವರು. ಮುಳ್ಳು ಏರುವುದು, ಆದರೆ ಮಾತು ಒಡೆದು, ನೆರೆಯ ತರಂಗಾಂತರದವರಿಗೂ ಉಪದ್ರವವಾಗುವುದು. ಮೋರ್ಸಿನಲ್ಲಿ ಕೀಲಿ ಒತ್ತಿದಾಗ ಪೂರ್ಣ, ಬಿಟ್ಟಾಗ ಶೂನ್ಯ. ಎಫ್ ಎಂ ವಿಧಾನದಲ್ಲಿ ಮಾತಿದ್ದರೂ ಇಲ್ಲದಿದ್ದರೂ ಒಂದೇ ಸಮ. ಹೀಗೆ ಎರಡನೆಯ ಪ್ರಶ್ನೆ: ಸಂಖ್ಯೆಯು ಶಿಖರವೋ, ಸರಾಸರಿಯೋ?

ಮೂಕ ಭಾರದ ಮೇಲಿನ ಅಳತೆ

ಮಾಪಕವನ್ನೇ ಪರೀಕ್ಷಿಸಬೇಕಾದರೆ ಆಂಟೆನಾವನ್ನು ಕಳಚಿ, ಅದರ ಸ್ಥಳದಲ್ಲಿ ‘ಡಮ್ಮಿ ಲೋಡ್’ ಎಂಬುದನ್ನು ಸೇರಿಸುವರು. ನಾನು ಅದಕ್ಕೆ ಮೂಕ ಭಾರವೆಂದು ಹೆಸರಿಟ್ಟಿದ್ದೇನೆ. ಏಕೆಂದರೆ ಅದು ಬಂದ ಸಾಮರ್ಥ್ಯವನ್ನೆಲ್ಲ ನುಂಗಿ ಬಿಸಿಯಾಗುವುದೇ ಹೊರತು ಆಕಾಶಕ್ಕೆ ಏನನ್ನೂ ಹೇಳದು. ತಲಾ 1,000 ಓಮಿನ, 2 ವಾಟ್ ತಾಳುವ 20 ರೋಧಕಗಳನ್ನು ಸಮಾನಾಂತರವಾಗಿ ಬೆಸೆದರೆ 50 ಓಮಿನ, 40 ವಾಟ್ ತಾಳುವ ಭಾರವಾಗುವುದು. ತಂತಿ ಸುತ್ತಿದ ಜಾತಿಯ ರೋಧಕ ಮಾತ್ರ ಕೂಡದು. ರೇಡಿಯೋ ಅಲೆಗೆ ಅದು ಸುರುಳಿಯಂತೆ ವರ್ತಿಸಿ ಲೆಕ್ಕವನ್ನು ಕೆಡಿಸುವುದು.

ಈ ಭಾರಕ್ಕೆ ಒಂದು ಡಯೋಡನ್ನೂ ಚಿಕ್ಕ ಕೆಪಾಸಿಟರನ್ನೂ ಸೇರಿಸಿ ಸಾಧಾರಣ ಮಲ್ಟಿಮೀಟರಿನಿಂದ ನೋಡಿದರೆ ಅಲೆಯ ಶಿಖರದ ವೋಲ್ಟ್ ಗೊತ್ತಾಗುವುದು. ಡಯೋಡಿನಲ್ಲಿ ನಷ್ಟವಾಗುವ ಅರ್ಧ ವೋಲ್ಟಿಗಿಂತ ತುಸು ಹೆಚ್ಚನ್ನು ಅದಕ್ಕೆ ಕೂಡಿಸಬೇಕು. ಆ ಮೇಲೆ ಲೆಕ್ಕವು ಬಾಲಕರಿಗೂ ಸಾಧ್ಯ: 50 ಓಮಿನ ಭಾರವಾದರೆ, ಶಿಖರ ವೋಲ್ಟನ್ನು ಅದರಿಂದಲೇ ಗುಣಿಸಿ ನೂರರಿಂದ ಭಾಗಿಸಿರಿ, ಬಂದುದೇ ವಾಟ್. 100 ವೋಲ್ಟಿಗೆ 100 ವಾಟ್. 50 ವೋಲ್ಟಿಗೆ 25 ವಾಟ್. 10 ವೋಲ್ಟಿಗೆ ಒಂದೇ ವಾಟ್.

ಆ ರಾತ್ರಿ ಭಾರಕ್ಕೆ ತಾಳುವಂತೆ ಯಂತ್ರವನ್ನು 25 ವಾಟಿಗೆ ಇಳಿಸಿ, ಅದರ ಬಾಯಿಯಲ್ಲಿಯೇ ಮೂಕ ಭಾರವನ್ನಿಟ್ಟು ಅಳೆದೆನು. 50 ವೋಲ್ಟ್ ಬಂದಿತು. ಯಂತ್ರವೂ ಸರಿ, ಮಾಪಕವೂ ಸರಿ! ಹಾಗಾದರೆ ನನ್ನ ಮಾತು ಹೋದುದೆಲ್ಲಿಗೆ?

ಪಂಪಿನ ಬಾಯಿ, ಮರದ ಬುಡ

ಆಗ ಹೊಳೆಯಿತು. ಅಡಕೆ ತೋಟದಲ್ಲಿ ಪಂಪಿನ ಬಾಯಿಯಿಂದ ನೀರು ಧಾರಾಳವಾಗಿ ಬೀಳುವುದನ್ನು ನೋಡಿ, ತುದಿಯ ಮರದ ಬುಡಕ್ಕೂ ಅಷ್ಟೇ ತಲಪಿತೆಂದು ಯಾವ ಕೃಷಿಕನೂ ನಂಬುವುದಿಲ್ಲ. ನಡುವಿನ ಕಣಿಯಲ್ಲಿ ಏಡಿ ಕೊರೆದ ಬಿಲವಿದ್ದರೆ ನೀರೆಲ್ಲ ಅಲ್ಲಿಯೇ ಇಂಗುವುದು. ನಾನು ಅಳೆಯುತ್ತಿದ್ದುದು ಪಂಪಿನ ಬಾಯಿಯಲ್ಲಿ. ಯಂತ್ರಕ್ಕೂ ಆಂಟೆನಾಕ್ಕೂ ನಡುವೆ 25 ಮೀಟರು ಕೇಬಲಿದ್ದಿತು.

ಬೆಳಕು ಹರಿಯುವ ಮೊದಲೇ ಕೊಡೆ ಹಿಡಿದು ಹಿತ್ತಿಲಿಗೆ ಹೋಗಿ, ಆಂಟೆನಾವನ್ನು ಇಳಿಸಿ, ಕೇಬಲಿನ ಆ ತುದಿಗೆ ಮೂಕ ಭಾರವನ್ನು ಕಟ್ಟಿದೆನು. ಮನೆಯವಳು ಒಳಗಿನಿಂದ 25 ವಾಟಿಗೆ ಕೀಲಿಯನ್ನು ಒತ್ತಿದಳು. ಮಲ್ಟಿಮೀಟರು ತೋರಿಸಿದುದು 10 ವೋಲ್ಟ್. ಎಂದರೆ ಒಂದು ವಾಟ್! 25ರಲ್ಲಿ 24 ಭಾಗ ದಾರಿಯಲ್ಲಿಯೇ ಮಾಯ. ನೂರು ವಾಟ್ ಎಂದು ನಾನು ಹೆಮ್ಮೆಪಟ್ಟಿದ್ದಾಗ ತಂತಿಗೆ ಸೇರುತ್ತಿದ್ದುದು ನಾಲ್ಕೇ ವಾಟ್. ಕತ್ತರಿಸಿ ನೋಡಿದರೆ, ಮೇಲಿನ ಜೋಡಣೆಯ ಸಂದಿಯಿಂದ ಮಳೆನೀರು ಇಳಿದು, ಒಳಗಿನ ತಾಮ್ರದ ಹೆಣಿಗೆಯು ಕಪ್ಪಾಗಿ ಹಸಿರು ಕಿಲುಬು ಹಿಡಿದಿದ್ದಿತು.

ಮಾಪಕವು ‘ಮರಳುವ ಸಾಮರ್ಥ್ಯ ಇಲ್ಲ’ ಎಂದು ತೋರಿಸಿದುದಕ್ಕೂ ಕಾರಣ ಇದೇ. ಆಂಟೆನಾಕ್ಕೂ ಕೇಬಲಿಗೂ ಹೊಂದಿಕೆಯಿಲ್ಲದಿದ್ದರೆ ಸಾಮರ್ಥ್ಯದ ಒಂದು ಭಾಗವು ಗೋಡೆಗೆ ತಾಗಿದ ಚೆಂಡಿನಂತೆ ಹಿಂದಿರುಗುವುದು. ಎಸ್‌ಡಬ್ಲ್ಯುಆರ್ ಎಂಬ ಅನುಪಾತವು 2 ಆದರೆ ನೂರಕ್ಕೆ ಸುಮಾರು 11, 3 ಆದರೆ ನೂರಕ್ಕೆ 25 ಭಾಗ ಮರಳುವುದು. ಆದರೆ ಕೆಟ್ಟ ಕೇಬಲು ಹೋಗುವಾಗಲೂ ನುಂಗುವುದು, ಬರುವಾಗಲೂ ನುಂಗುವುದು. ತುದಿಯಲ್ಲಿದ್ದ ನಾಲ್ಕು ವಾಟ್ ಪೂರ್ತಿಯಾಗಿ ಹಿಂದಿರುಗಿದ್ದರೂ ಮಾಪಕಕ್ಕೆ ಮುಟ್ಟುತ್ತಿದ್ದುದು ಅದರ ಇಪ್ಪತ್ತೈದನೆಯ ಒಂದು ಭಾಗ. ಆಂಟೆನಾ ಮುರಿದು ನೆಲಕ್ಕೆ ಬಿದ್ದಿದ್ದರೂ ಮುಳ್ಳು ‘ಎಲ್ಲವೂ ಕ್ಷೇಮ’ ಎಂದೇ ಹೇಳುತ್ತಿದ್ದಿತು! ಅಕಾರಣವಾಗಿ ಸುಧಾರಿಸಿದ ಮಾಪನವನ್ನು ಕಂಡು ಸಂತೋಷಪಡದೆ ಸಂಶಯಪಡಬೇಕೆಂದು ಅಂದು ಕಲಿತೆನು. ಅಳಿಯನ ಮಾತು ನನಗೆ ಕೇಳಿಸಿದುದರಲ್ಲಿಯೂ ವಿಶೇಷವಿಲ್ಲ: ಆ ಕೇಬಲು ಅವನ ಧ್ವನಿಯೊಡನೆ ಆಕಾಶದ ಗದ್ದಲವನ್ನೂ ಸಮನಾಗಿ ಕುಗ್ಗಿಸುತ್ತಿದ್ದುದರಿಂದ, ಕ್ಷೀಣವಾದರೂ ಮಾತು ಸ್ಪಷ್ಟವಾಗಿದ್ದಿತು. ನನ್ನ ನಾಲ್ಕು ವಾಟಾದರೋ ಅವನ ಕಡೆಯ ಗದ್ದಲದಲ್ಲಿ ಮುಳುಗಿಹೋಗಿತ್ತು.

ಅಟ್ಟದಲ್ಲಿದ್ದ ಹೊಸ ಕೇಬಲನ್ನು ಜೋಡಿಸಿ, ಎಂಟು ಗಂಟೆಗೆ ಕರೆದೆನು. “ಮಾವ! ಈಗ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಕೇಳ್ತದೆ” ಎಂದನು. ಹನ್ನೊಂದು ಗಂಟೆಗೆ ಗುರುವಾಯನಕೆರೆಯಲ್ಲಿ ಜೀಪು ನಿಲ್ಲುವುದೆಂದು ತಿಳಿಸಿದೆನು. ಮಳೆಯೂ ಸ್ವಲ್ಪ ಬಿಡುವು ಕೊಟ್ಟಿತ್ತು. ಮಧ್ಯಾಹ್ನದೊಳಗೆ ಔಷಧಿಯು ಭಾವನವರ ಕೈಸೇರಿತು.

ಹೆಚ್ಚಿನ ವಾಟಿನಿಂದ ಹೆಚ್ಚಿನ ಫಲವೆ?

ಮರುದಿನದಿಂದ ನಾವಿಬ್ಬರೂ 25 ವಾಟಿನಲ್ಲಿಯೇ ಮಾತನಾಡಿದೆವು, ಬ್ಯಾಟರಿಯನ್ನು ಉಳಿಸಬೇಕಾಗಿತ್ತು. ಮಾತಿಗೆ ಯಾವ ಕೊರತೆಯೂ ಆಗಲಿಲ್ಲ. ಕಿವಿಗೂ ಗ್ರಾಹಕ ಯಂತ್ರಕ್ಕೂ ಸಾಮರ್ಥ್ಯದ ಹೆಚ್ಚಳವು ನಾವೆಣಿಸುವಷ್ಟು ದೊಡ್ಡದಾಗಿ ತೋರುವುದಿಲ್ಲ. ಸಾಮರ್ಥ್ಯವು ಇಮ್ಮಡಿಯಾದರೆ 3 ಡೆಸಿಬೆಲ್, ನಾಲ್ಮಡಿಯಾದರೆ 6 ಡೆಸಿಬೆಲ್. ಗ್ರಾಹಕದ ಸಂಕೇತಮಾಪಕದಲ್ಲಿ ಒಂದು ಮೆಟ್ಟಿಲು ಏರಲು ಈ 6 ಡೆಸಿಬೆಲ್ ಬೇಕು. ಮೈಸೂರಿನ ಆಕಾಶವಾಣಿಯ 30 ವಾಟಿನ ಯಂತ್ರದ ಅನಂತರ 250 ವಾಟಿನದು ಬಂದಿತು. ಸಾಮರ್ಥ್ಯವು ಎಂಟು ಪಟ್ಟಿಗಿಂತ ಹೆಚ್ಚಾಯಿತು. ಆದರೆ ಅಷ್ಟೇ ಹೆಚ್ಚಳದಿಂದ ಕೇಳುವವನ ಆಂಟೆನಾದಲ್ಲಿ ಹುಟ್ಟುವ ವೋಲ್ಟ್ ಮೂರು ಪಟ್ಟಿಗೂ ಕಡಮೆ, ಮಾಪಕದಲ್ಲಿ ಒಂದೂವರೆ ಮೆಟ್ಟಿಲು. ಆದುದರಿಂದ ದೊಡ್ಡ ಯಂತ್ರಕ್ಕೆ ಹಣ ಸುರಿಯುವ ಮೊದಲು ಕೇಬಲು, ಜೋಡಣೆ, ಆಂಟೆನಾಗಳನ್ನು ನೋಡಿಕೊಳ್ಳುವುದೇ ಲೇಸು. ಪರವಾನಗಿಯಲ್ಲಿ ಸಾಮರ್ಥ್ಯಕ್ಕೆ ಮಿತಿಯುಂಟು. ಅದನ್ನು ಪಾಲಿಸುವುದಕ್ಕಾದರೂ ಸರಿಯಾದ ಅಳತೆ ತಿಳಿದಿರಬೇಕು.

ಗೃಹಸ್ಥರಿಗೆ ಎರಡು ಎಚ್ಚರಿಕೆಯ ಮಾತು. ಪ್ರೇಷಕವು ನಡೆಯುತ್ತಿರುವಾಗ ಆಂಟೆನಾದ ತಂತಿಯನ್ನು ಮುಟ್ಟಿದರೆ ಸುಡುವುದು. ಮಕ್ಕಳ ಕೈಗೆ ಅದು ಎಟುಕಬಾರದು. ಮಳೆಗಾಲಕ್ಕೆ ಮುಂಚಿನ ಗುಡುಗಿನ ದಿನಗಳಲ್ಲಿ, ಕೆಲಸ ಮುಗಿದೊಡನೆ, ಕೇಬಲನ್ನು ಯಂತ್ರದಿಂದ ಕಳಚಿ ಮನೆಯ ಹೊರಗಿಡಬೇಕು.

ನಮ್ಮ ತರ್ಕಶಾಸ್ತ್ರದಲ್ಲಿ ಅಳೆಯುವ ಸಾಧನಕ್ಕೆ ಪ್ರಮಾಣವೆಂದೂ, ಅಳೆಯಲ್ಪಡುವ ವಸ್ತುವಿಗೆ ಪ್ರಮೇಯವೆಂದೂ ಹೆಸರು. ನನ್ನ ಮಾಪಕವೆಂಬ ಪ್ರಮಾಣದಲ್ಲಿ ದೋಷವಿರಲಿಲ್ಲ. ಪ್ರಮೇಯವನ್ನು ನಾನು ತಪ್ಪಾಗಿ ಭಾವಿಸಿದ್ದೆನು. ಯಂತ್ರದ ಬಾಯಲ್ಲಿ ಎಷ್ಟೆಂದು ಅದು ಹೇಳಿತು. ಆಕಾಶಕ್ಕೆ ಎಷ್ಟೆಂದು ನಾನು ತಿಳಿದೆನು. ಈಗ ಪ್ರತಿವರ್ಷವೂ ಮಳೆ ಹಿಡಿಯುವುದಕ್ಕೆ ಮುಂಚೆ, ಮನೆಯ ಹಂಚು ಸರಿಪಡಿಸುವ ದಿನಗಳಲ್ಲಿಯೇ, ಮೂಕ ಭಾರವನ್ನು ಹಿಡಿದು ಕೇಬಲಿನ ಎರಡು ತುದಿಗಳಲ್ಲಿಯೂ ಅಳೆಯುತ್ತೇನೆ. ಎರಡು ಸಂಖ್ಯೆಗಳನ್ನೂ ತಾರೀಖಿನೊಡನೆ ಪುಸ್ತಕದಲ್ಲಿ ಬರೆದಿಡುತ್ತೇನೆ. ಅಳಿಯನೂ ಅಲ್ಲಿ ಹಾಗೆಯೇ ಮಾಡುವನು. ಭಾವನವರು ಹತ್ತಿರ ಕುಳಿತು, “ಇಂದು ಎಷ್ಟು ಸೇರು ಬಂದಿತು?” ಎಂದು ನಗುತ್ತ ಕೇಳುವರಂತೆ.